ಸುಟ್ಟ ಫ್ಯೂಸಿನ ಜಾಗಕ್ಕೆ ಸರಿಯಾದ ಫ್ಯೂಸನ್ನು ಆರಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕೋಲಾರದ ಕಡೆಯ ಮನೆಗಳಲ್ಲಿ ಬೇಸಿಗೆಯ ಸಂಜೆ ವೋಲ್ಟೇಜ್ ಇಳಿಯುವ ಹೊತ್ತಿಗೆ ಫ್ರಿಜ್ಜಿನ ಸ್ಟೆಬಿಲೈಸರ್ ಇದ್ದಕ್ಕಿದ್ದಂತೆ ಆರಿಹೋಗುವುದು ಎಲ್ಲರೂ ಕಂಡ ಸಂಗತಿ. ಅದರ ಹಿಂಬದಿಯ ಕರಿಯ ಮುಚ್ಚಳವನ್ನು ತಿರುಗಿಸಿ ತೆಗೆದರೆ ಎರಡು ತುದಿಗೂ ಲೋಹದ ಟೋಪಿ ಇರುವ ಸಣ್ಣ ಗಾಜಿನ ಕೊಳವೆ ಹೊರಬರುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋಗಿ "ಅಣ್ಣಾ, ಇಂಥದ್ದೇ ಒಂದು ಫ್ಯೂಸ್ ಕೊಡಿ" ಎಂದರೆ, ಅಂಗಡಿಯವರು ಅದೇ ಉದ್ದದ, ಅದೇ ದಪ್ಪದ ಇನ್ನೊಂದನ್ನು ಕೊಡುತ್ತಾರೆ. ಆದರೆ 20 ಮಿಲಿಮೀಟರ್ ಉದ್ದದ ಅದೇ ಕೊಳವೆ 100 ಮಿಲಿಆಂಪಿಯರಿಗೂ ಸಿಗುತ್ತದೆ, 10 ಆಂಪಿಯರಿಗೂ ಸಿಗುತ್ತದೆ. ಹೋಲ್ಡರಿನಲ್ಲಿ ಕೂತಿತು ಎಂಬ ಒಂದೇ ಕಾರಣಕ್ಕೆ ಅದು ಸರಿಯಾದ ಫ್ಯೂಸ್ ಆಗುವುದಿಲ್ಲ.

ನಮ್ಮ ಮನೆಯಲ್ಲೇ ಒಮ್ಮೆ ಹೀಗಾಯಿತು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ಬೇಸತ್ತವರೊಬ್ಬರು ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ಸುತ್ತಿ ಹಾಕಿಬಿಟ್ಟಿದ್ದರು. ಸ್ಟೆಬಿಲೈಸರ್ ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೆಯ ದಿನ ಅಡುಗೆಮನೆಯ ತುಂಬ ವಾರ್ನಿಷ್ ಸುಟ್ಟ ವಾಸನೆ ಹರಡಿತು; ಒಳಗಿನ ಟ್ರಾನ್ಸ್‌ಫಾರ್ಮರಿನ ಸುರುಳಿ ಕಪ್ಪಾಗಿತ್ತು, ಹಿಂದಿನ ಗೋಡೆಯ ಸುಣ್ಣದ ಮೇಲೆ ಹೊಗೆಯ ಗುರುತು ಮೂಡಿತ್ತು. ಯಾರಿಗೂ ಏನೂ ಆಗಲಿಲ್ಲವೆಂಬುದೇ ಸಮಾಧಾನ. ಫ್ಯೂಸನ್ನು ಆರಿಸುವಾಗ ಯಂತ್ರ ನಡೆಯುವಂತೆ ಮಾಡುವುದು ಯಾವುದು ಎಂದು ನೋಡದೆ, ಕೆಟ್ಟ ಗಳಿಗೆಯಲ್ಲಿ ತಂತಿಗಿಂತ ಮೊದಲು ತಾನು ಕರಗುವುದು ಯಾವುದು ಎಂದು ನೋಡಬೇಕೆಂಬುದನ್ನು ನಾನು ಕಲಿತದ್ದು ಅಂದು.

ಫ್ಯೂಸ್ ಎಲ್ಲಿದೆ, ಯಾವ ಬಗೆಯದು

ಎಲ್ಲ ಉಪಕರಣದಲ್ಲೂ ಬದಲಾಯಿಸುವ ಫ್ಯೂಸ್ ಇರುವುದಿಲ್ಲ. ನಮ್ಮ ದೇಶದ 6 ಆಂಪಿಯರ್ ಮತ್ತು 16 ಆಂಪಿಯರ್ ಪ್ಲಗ್ಗುಗಳ ಒಳಗೆ ಸಾಮಾನ್ಯವಾಗಿ ಫ್ಯೂಸ್ ಇಲ್ಲ. ಬ್ರಿಟನ್ನಿನಿಂದ ನೆಂಟರು ತಂದುಕೊಟ್ಟ ಉಪಕರಣದ ಚೌಕ ಕಡ್ಡಿಗಳ ಪ್ಲಗ್ಗಿನಲ್ಲಿ ಮಾತ್ರ ಒಂದು ಫ್ಯೂಸ್ ಇರುತ್ತದೆ. ಅಲ್ಲಿನ ರೂಢಿಯಂತೆ ಸುಮಾರು 700 ವ್ಯಾಟ್‌ವರೆಗಿನ ಉಪಕರಣಕ್ಕೆ 3 ಆಂಪಿಯರ್, ಅದಕ್ಕಿಂತ ಹೆಚ್ಚಿನದಕ್ಕೆ 13 ಆಂಪಿಯರ್ ಫ್ಯೂಸ್ ಹಾಕುತ್ತಾರೆ.

ಸ್ಟೆಬಿಲೈಸರ್, ಯುಪಿಎಸ್, ಆಂಪ್ಲಿಫೈಯರ್, ಬ್ಯಾಟರಿ ಚಾರ್ಜರ್ ಇಂಥವುಗಳಲ್ಲಿ ಹೊರಗಿನಿಂದಲೇ ತೆಗೆಯಬಹುದಾದ ಗಾಜಿನ ಫ್ಯೂಸ್ ಇರುವುದು ಹೆಚ್ಚು. ಟಿವಿ, ಇಂಡಕ್ಷನ್ ಒಲೆ, ವಾಷಿಂಗ್ ಮಷೀನ್ ಮುಂತಾದವುಗಳಲ್ಲಿ ಅದು ಒಳಗಿನ ಬೋರ್ಡಿನ ಮೇಲೆ, ಹಲವು ಸಲ ಬೆಸುಗೆ ಹಾಕಿದ ಸ್ಥಿತಿಯಲ್ಲಿರುತ್ತದೆ. ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳಲ್ಲಿರುವುದು ಶಾಖಕ್ಕೆ ಕಡಿಯುವ ಬೇರೆ ಜಾತಿಯ ಫ್ಯೂಸ್. ಅದರ ವಿಚಾರವನ್ನು ಮುಂದೆ ಹೇಳುತ್ತೇನೆ. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ ಫ್ಯೂಸ್ ಅಲ್ಲವೇ ಅಲ್ಲ. ಗಟ್ಟಿ ಚಟ್ನಿಯನ್ನೋ ನೆನೆಯದ ಕಾಳನ್ನೋ ಅರೆಯುವಾಗ ಹೊರೆ ಹೆಚ್ಚಾಗಿ ಅದು ಹೊರಗೆ ಹಾರಿರುತ್ತದೆ. ಮಿಕ್ಸಿಯ ಸ್ವಿಚ್ಚನ್ನು ಆರಿಸಿ, ಐದು ಹತ್ತು ನಿಮಿಷ ಆರಲು ಬಿಟ್ಟು, ಜಾರಿನಲ್ಲಿರುವುದನ್ನು ಕಡಿಮೆ ಮಾಡಿ ಗುಂಡಿಯನ್ನು ಒತ್ತಿದರೆ ಸಾಕು. "ಫ್ಯೂಸ್ ಹೋಗಿದೆ" ಎಂದು ರಿಪೇರಿಗೆ ತರುವ ಮಿಕ್ಸಿಗಳಲ್ಲಿ ಕೆಲವನ್ನಾದರೂ ಈ ಒಂದು ಒತ್ತಿನಿಂದಲೇ ವಾಪಸ್ ಕಳಿಸಬಹುದು.

ಬಿಚ್ಚುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಗೋಡೆಯ ಸಾಕೆಟ್ಟಿನಿಂದ ಪೂರ್ತಿ ಕಿತ್ತು ಕಣ್ಣಿಗೆ ಕಾಣುವಂತೆ ಎದುರಿಗೇ ಇಟ್ಟುಕೊಳ್ಳಬೇಕು. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲನ್ನು ಕಡಿಯುವಂತೆ ವೈರಿಂಗ್ ಆಗಿರುವುದುಂಟು. ಆಗ ಸ್ವಿಚ್ ಆರಿದ್ದರೂ ಫ್ಯೂಸಿನ ಹೋಲ್ಡರಿನಲ್ಲಿ 230 ವೋಲ್ಟ್ ಕಾದಿರುತ್ತದೆ. ಯುಪಿಎಸ್ ಮತ್ತು ಇನ್ವರ್ಟರುಗಳಿಗೆ ಪ್ಲಗ್ ಕಿತ್ತರೂ ಸಾಲದು, ಒಳಗೆ ಬ್ಯಾಟರಿ ಇದೆಯೆಂಬುದನ್ನು ನೆನಪಿಡಬೇಕು.

ಟಿವಿ, ಇಂಡಕ್ಷನ್ ಒಲೆಯಂಥವುಗಳ ಕವಚವನ್ನು ತೆಗೆಯುವುದಾದರೆ ಇನ್ನೊಂದು ಅಪಾಯವಿದೆ. 230 ವೋಲ್ಟಿನ ಎಸಿಯನ್ನು ಡಿಸಿಗೆ ಪರಿವರ್ತಿಸಿದಾಗ ಅದರ ಶಿಖರ ಮೌಲ್ಯ ಸುಮಾರು 325 ವೋಲ್ಟ್ ಆಗುತ್ತದೆ, ಮತ್ತು ಫ್ಯೂಸಿನ ಆಚೆಗಿರುವ ದೊಡ್ಡ ಕೆಪಾಸಿಟರ್ ಆ ವಿದ್ಯುತ್ತನ್ನು ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಮಲ್ಟಿಮೀಟರಿನಿಂದ ಅದರ ವೋಲ್ಟೇಜನ್ನು ಅಳೆದು ನೋಡುವ ಅಭ್ಯಾಸವಿಲ್ಲದವರು ಕವಚವನ್ನು ತೆಗೆಯದಿರುವುದೇ ಲೇಸು.

ಸುಟ್ಟ ಫ್ಯೂಸನ್ನು ಓದುವುದು

ತೆಗೆದ ಫ್ಯೂಸನ್ನು ಎಸೆಯಬೇಡಿ. ಬೆಳಕಿಗೆ ಹಿಡಿದು ನೋಡಿದರೆ ಏನಾಯಿತು ಎಂಬುದನ್ನು ಅದು ಬಹುಮಟ್ಟಿಗೆ ತಿಳಿಸುತ್ತದೆ. ಗಾಜು ತಿಳಿಯಾಗಿದ್ದು ಒಳಗಿನ ತಂತಿ ನಡುವೆ ಸಣ್ಣದಾಗಿ ಕರಗಿ ಕಡಿದಿದ್ದರೆ, ಮಿತಿಗಿಂತ ಸ್ವಲ್ಪ ಹೆಚ್ಚಿನ ಕರೆಂಟ್ ತುಸು ಹೊತ್ತು ಹರಿದಿದೆ ಎಂದರ್ಥ. ಗಾಜಿನ ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅಥವಾ ಕಪ್ಪಾಗಿದ್ದರೆ, ತಂತಿಗೆ ಕರಗುವಷ್ಟು ಸಮಯವೂ ಸಿಗದೆ ಅದು ಆವಿಯಾಗಿ ಗಾಜಿಗೆ ಅಂಟಿಕೊಂಡಿದೆ. ಅದು ಶಾರ್ಟ್ ಸರ್ಕ್ಯೂಟಿನ ಗುರುತು. ತಂತಿ ಟೋಪಿಯ ಹತ್ತಿರ ಬಿಟ್ಟುಕೊಂಡು ಉಳಿದದ್ದೆಲ್ಲ ಚೆನ್ನಾಗಿದ್ದರೆ, ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ದಣಿದು ಕಡಿದಿರುವ ಸಾಧ್ಯತೆ ಹೆಚ್ಚು.

ಕಣ್ಣಿಗೆ ಚೆನ್ನಾಗಿಯೇ ಕಂಡರೂ ಫ್ಯೂಸ್ ಕಡಿದಿರಬಹುದು. ಪಿಂಗಾಣಿ ಮೈಯ ಫ್ಯೂಸಿನಲ್ಲಂತೂ ಏನೂ ಕಾಣುವುದಿಲ್ಲ. ಫ್ಯೂಸನ್ನು ಹೋಲ್ಡರಿನಿಂದ ಹೊರತೆಗೆದು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಎರಡು ಟೋಪಿಗಳಿಗೆ ಮುಟ್ಟಿಸಿದಾಗ ಬೀಪ್ ಸದ್ದು ಬಂದರೆ ಅದು ಸರಿಯಿದೆ. ಉಪಕರಣದಲ್ಲೇ ಇಟ್ಟು ಪರೀಕ್ಷಿಸಿದರೆ ಬೇರೆ ದಾರಿಯಿಂದ ಕರೆಂಟ್ ಹರಿದು ತಪ್ಪು ಉತ್ತರ ಬರಬಹುದು.

ಹೊಸದನ್ನು ಹಾಕುವ ಮೊದಲು ಕಾರಣ

ಗಾಜು ಕನ್ನಡಿಯಾಗಿದ್ದರೆ ಹೊಸ ಫ್ಯೂಸ್ ಹಾಕುವುದರಿಂದ ಏನೂ ಆಗುವುದಿಲ್ಲ. ಅದೂ ಕ್ಷಣದಲ್ಲೇ ಹೋಗುತ್ತದೆ. ಮೊದಲು ಪ್ಲಗ್ಗಿನ ತಂತಿಯನ್ನು ಇಡೀ ಉದ್ದಕ್ಕೂ ಬೆರಳಾಡಿಸಿ ನೋಡಬೇಕು. ಇಲಿ ಕಡಿದ ಜಾಗ, ಫ್ರಿಜ್ಜಿನ ಕಾಲಡಿ ಸಿಕ್ಕಿ ಜಜ್ಜಿದ ಜಾಗ, ಪ್ಲಗ್ಗಿನ ಬುಡದಲ್ಲಿ ತಿರುಚಿ ಒಡೆದ ಹೊದಿಕೆ, ಇವೇ ಸಾಮಾನ್ಯ ಕಾರಣಗಳು. ಅವುಗಳಲ್ಲಿ ಯಾವುದೂ ಸಿಗದಿದ್ದರೆ ದೋಷ ಒಳಗಿದೆ, ಬಲ್ಲವರಿಗೆ ತೋರಿಸಬೇಕು.

ತಂತಿ ಮೆಲ್ಲಗೆ ಕಡಿದಿದ್ದಾಗ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ವೋಲ್ಟೇಜನ್ನು. ಸ್ಟೆಬಿಲೈಸರಿನ ಮೇಲೆ 230 ವೋಲ್ಟಿನಲ್ಲಿ 3 ಆಂಪಿಯರ್ ಹೊರೆ ಇದೆಯೆನ್ನಿ. ಅಂದರೆ 690 ವೋಲ್ಟ್‌ಆಂಪಿಯರ್. ಗೋಡೆಯಿಂದ ಬರುವ ವೋಲ್ಟೇಜ್ 150ಕ್ಕೆ ಇಳಿದಾಗಲೂ ಸ್ಟೆಬಿಲೈಸರ್ ಅಷ್ಟನ್ನೇ ಒದಗಿಸಬೇಕು. 690 ಅನ್ನು 150ರಿಂದ ಭಾಗಿಸಿದರೆ 4.6 ಆಂಪಿಯರ್, ಅದರ ಮೇಲೆ ಯಂತ್ರದ ಒಳಗಿನ ನಷ್ಟ ಬೇರೆ. ಹೊರೆ ಕಿಂಚಿತ್ತೂ ಹೆಚ್ಚದಿದ್ದರೂ ಫ್ಯೂಸಿನ ಮೂಲಕ ಒಂದೂವರೆ ಪಟ್ಟು ಕರೆಂಟ್ ಹರಿಯತೊಡಗುತ್ತದೆ. ಇನ್ನೂ ಕೆಳಗಿಳಿದರೆ ಫ್ರಿಜ್ಜಿನ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟುತ್ತ ನಿಂತು ಮಾಮೂಲಿಗಿಂತ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ. ಇಲ್ಲಿ ಫ್ಯೂಸ್ ತನ್ನ ಕೆಲಸವನ್ನೇ ಮಾಡಿದೆ. ದೊಡ್ಡ ಫ್ಯೂಸನ್ನು ಹಾಕುವುದರ ಬದಲು ಇನ್ನೂ ಕಡಿಮೆ ವೋಲ್ಟೇಜನ್ನು ತಾಳುವ, ಮಿತಿ ಮೀರಿದಾಗ ತಾನೇ ಸಂಪರ್ಕ ಕಡಿಯುವ ಸ್ಟೆಬಿಲೈಸರನ್ನು ಕೊಳ್ಳುವುದು ಸರಿಯಾದ ಪರಿಹಾರ.

ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಬರೀ ಶಾಖದ ಉಪಕರಣಗಳ ಲೆಕ್ಕ ಇದಕ್ಕೆ ತದ್ವಿರುದ್ಧ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆದರೆ, 180 ವೋಲ್ಟಿನಲ್ಲಿ ಎಳೆಯುವುದು 6.8 ಆಂಪಿಯರ್ ಮಾತ್ರ. ಆದ್ದರಿಂದ ಗೀಸರಿನ ಫ್ಯೂಸ್ ಹೋದಾಗ ಕಡಿಮೆ ವೋಲ್ಟೇಜಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಒಳಗಿನ ಕಾಯಿಲ್ ಒಡೆದು ನೀರಿಗೆ ಕರೆಂಟ್ ಸೋರುತ್ತಿರಬಹುದು, ಅದು ಪ್ರಾಣಕ್ಕೇ ಎರವಾಗುವ ದೋಷ. ಪರೀಕ್ಷೆಯಾಗುವವರೆಗೆ ಆ ಗೀಸರನ್ನು ಬಳಸಲೇಬಾರದು.

ಲೋಹದ ಟೋಪಿಯ ಮೇಲಿನ ಬರಹ

ಫ್ಯೂಸಿನ ಟೋಪಿಯ ಅಂಚನ್ನು ಒರೆಸಿ, ಮೊಬೈಲಿನ ಕ್ಯಾಮರಾದಲ್ಲಿ ಹಿಗ್ಗಿಸಿ ನೋಡಿದರೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಕಾಣುತ್ತವೆ. "ಟಿ 3.15 ಎ ಎಲ್ 250 ವಿ" ಎಂದು ಇದೆಯೆನ್ನೋಣ. ಈ ಒಂದು ಸಾಲಿನಲ್ಲಿ ನಾಲ್ಕು ಸಂಗತಿಗಳಿವೆ. ಗಾತ್ರವನ್ನು ಸೇರಿಸಿದರೆ ಐದು. ಐದೂ ಹೊಂದಬೇಕು.

3.15 ಎಂಬುದು ಆಂಪಿಯರ್. ಈ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ಕೇಳುವವರಿದ್ದಾರೆ. 1, 1.25, 1.6, 2, 2.5, 3.15, 4, 5, 6.3, 8, 10 ಎಂದು ಸಾಗುವ ಈ ಸಾಲು 19ನೆಯ ಶತಮಾನದಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರ್ ಷಾರ್ಲ್ ರೆನಾರ್ ರೂಪಿಸಿದ ಶ್ರೇಣಿಯಿಂದ ಬಂದದ್ದು. ಆ ಶ್ರೇಣಿಯಲ್ಲಿ ಒಂದೊಂದು ಹೆಜ್ಜೆಯೂ ಹಿಂದಿನದರ ಸುಮಾರು 1.25 ಪಟ್ಟು. ಹಾಗಾಗಿ 3.15 ಸಿಗದಾಗ 5 ಆಂಪಿಯರಿನದನ್ನು ಹಾಕಿದವರು ಒಂದೇ ನೆಗೆತಕ್ಕೆ ಎರಡು ಮೆಟ್ಟಿಲು ಮೇಲೆ ಹೋಗಿರುತ್ತಾರೆ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು: 5 ಆಂಪಿಯರಿನ ಫ್ಯೂಸ್ 5.1 ಆಂಪಿಯರಿಗೆ ಹಾರುವುದಿಲ್ಲ. ಅಂತಾರಾಷ್ಟ್ರೀಯ ಮಾನಕಕ್ಕೆ ಅನುಗುಣವಾದ ಸಾಮಾನ್ಯ ಗಾಜಿನ ಫ್ಯೂಸ್ ತನ್ನ ಅಂಕಿಯ ಒಂದೂವರೆ ಪಟ್ಟನ್ನು ಕಡೇಪಕ್ಷ ಒಂದು ಗಂಟೆ ಹೊತ್ತುಕೊಂಡಿರಬೇಕು, 2.1 ಪಟ್ಟಿಗೆ ಅರ್ಧ ಗಂಟೆಯೊಳಗೆ ಕಡಿಯಬೇಕು. ಅಂಕಿಯಲ್ಲೇ ಇಷ್ಟು ಸಡಿಲವಿರುವಾಗ, ಮೇಲಿನ ಅಂಕಿಯದನ್ನು ಹಾಕಿ ಇನ್ನಷ್ಟು ಸಡಿಲಿಸಲು ಯಾವ ಕಾರಣವೂ ಇಲ್ಲ. ಸರಿಯಾದದ್ದು ಸಿಗುವವರೆಗೆ ಯಂತ್ರವನ್ನು ನಿಲ್ಲಿಸುವುದೇ ಮೇಲು.

250 ವಿ ಎಂಬುದು ಫ್ಯೂಸ್ ಕಡಿದ ಮೇಲೆ ತಡೆದುಕೊಳ್ಳಬಲ್ಲ ವೋಲ್ಟೇಜ್. ಫ್ಯೂಸಿನ ತಂತಿ ಕರಗಿದ ಕೂಡಲೇ ಕರೆಂಟ್ ನಿಲ್ಲುವುದಿಲ್ಲ. ಕಡಿದ ತುದಿಗಳ ನಡುವೆ ಕಿಡಿಯ ಸೇತುವೆಯೊಂದು ಉರಿಯುತ್ತದೆ, ಅದನ್ನು ನಂದಿಸುವ ಸಾಮರ್ಥ್ಯವನ್ನು ಈ ಅಂಕಿ ತಿಳಿಸುತ್ತದೆ. ಕಾರು ಬೈಕುಗಳಲ್ಲಿ ಬಳಸುವ 32 ವೋಲ್ಟಿನ ಫ್ಯೂಸನ್ನು ಮನೆಯ ಉಪಕರಣಕ್ಕೆ ಹಾಕಿದರೆ ಆಂಪಿಯರ್ ಹೊಂದಿದರೂ ಆ ಕಿಡಿ ನಂದದೆ ಉಳಿಯಬಹುದು. ವೋಲ್ಟಿನ ಅಂಕಿ ಬೇಕಾದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಂತೂ ಇರಲೇಬಾರದು.

ಮೊದಲಿನ ಅಕ್ಷರ ಟಿ. ಇದನ್ನೇ ಜನ ಹೆಚ್ಚು ಮರೆಯುತ್ತಾರೆ, ಮತ್ತು ಸರಿಯಾದ ಆಂಪಿಯರಿನ ಫ್ಯೂಸ್ ಹಾಕಿಯೂ ಅದು ಸ್ವಿಚ್ ಹಾಕಿದೊಡನೆ ಹಾರುತ್ತದೆಂದು ದೂರುವವರ ತೊಡಕು ಬಹಳ ಸಲ ಇಲ್ಲೇ ಇರುತ್ತದೆ. ಟಿ ಎಂದರೆ ನಿಧಾನ, ಎಫ್ ಎಂದರೆ ಚುರುಕು. ಎರಡೂ ಜರ್ಮನ್ ಪದಗಳ ಮೊದಲ ಅಕ್ಷರಗಳು. ಹತ್ತು ಪಟ್ಟು ಕರೆಂಟ್ ಬಂದಾಗ ಎಫ್ ಜಾತಿಯ ಫ್ಯೂಸ್ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲಿನೊಳಗೆ ಕಡಿದುಬಿಡುತ್ತದೆ. ಟಿ ಜಾತಿಯದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು, ಸುಮಾರು 0.3 ಸೆಕೆಂಡಿನವರೆಗೂ ತಾಳುತ್ತದೆ. ಟ್ರಾನ್ಸ್‌ಫಾರ್ಮರ್, ಮೋಟಾರು, ಟಿವಿಯ ಪವರ್ ಸಪ್ಲೈ ಇವೆಲ್ಲ ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು ಕರೆಂಟನ್ನು ಒಮ್ಮೆ ಎಳೆದು ಅನಂತರ ಶಾಂತವಾಗುತ್ತವೆ. ಈ ಮೊದಲ ಎಳೆತವನ್ನು ಸಹಿಸಿಕೊಳ್ಳಲೆಂದೇ ಅವುಗಳಿಗೆ ಟಿ ಫ್ಯೂಸನ್ನು ಗೊತ್ತುಮಾಡಿರುತ್ತಾರೆ. ಅಲ್ಲಿ ಎಫ್ ಹಾಕಿದರೆ ಸುಮ್ಮನೆ ಹಾರುತ್ತದೆ. ಆಗ ಸಹನೆಗೆಟ್ಟವರು ಆಂಪಿಯರ್ ಹೆಚ್ಚಿಸುತ್ತಾರೆ, ಅಲ್ಲಿಂದ ನಿಜವಾದ ಅಪಾಯ ಶುರುವಾಗುತ್ತದೆ. ಇದಕ್ಕೆ ವಿರುದ್ಧವಾಗಿ ಎಫ್ ಇರಬೇಕಾದ ಕಡೆ, ಮುಖ್ಯವಾಗಿ ಮಲ್ಟಿಮೀಟರಿನಂಥ ಸೂಕ್ಷ್ಮ ಉಪಕರಣದಲ್ಲಿ, ಟಿ ಹಾಕಿದರೆ ಫ್ಯೂಸ್ ಕಡಿಯುವ ಮೊದಲೇ ಒಳಗಿನ ಭಾಗಗಳು ಸುಟ್ಟಿರುತ್ತವೆ.

ಎಲ್ ಮತ್ತು ಎಚ್ ಎಂಬ ಅಕ್ಷರಗಳು ಫ್ಯೂಸ್ ಎಷ್ಟು ದೊಡ್ಡ ಶಾರ್ಟ್ ಸರ್ಕ್ಯೂಟನ್ನು ಒಡೆಯದೆ ಕಡಿಯಬಲ್ಲದು ಎಂಬುದನ್ನು ಹೇಳುತ್ತವೆ. ಎಲ್ ಇರುವ ಗಾಜಿನ ಫ್ಯೂಸಿನ ಸಾಮರ್ಥ್ಯ 35 ಆಂಪಿಯರ್ ಅಥವಾ ತನ್ನ ಅಂಕಿಯ ಹತ್ತು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಎಚ್ ಇರುವುದರ ಸಾಮರ್ಥ್ಯ 1500 ಆಂಪಿಯರ್. ಈ ಅಂತರ ಯಾಕೆ ಮುಖ್ಯ ಎಂಬುದಕ್ಕೆ ಸಣ್ಣ ಲೆಕ್ಕವೊಂದನ್ನು ನೋಡಿ. ಟ್ರಾನ್ಸ್‌ಫಾರ್ಮರಿನಿಂದ ಮನೆಯ ಸಾಕೆಟ್ಟಿನವರೆಗಿನ ತಂತಿಗಳ ಒಟ್ಟು ತಡೆ ಅರ್ಧ ಓಮ್ ಇದ್ದರೆ, ಸಾಕೆಟ್ಟಿನ ಬಳಿ ಶಾರ್ಟ್ ಆದಾಗ ಹರಿಯುವ ಕರೆಂಟ್ 460 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಮನೆಯ ಪಕ್ಕದಲ್ಲೇ ಇದ್ದರೆ ಇನ್ನೂ ಹೆಚ್ಚು. ಅಂಥ ಹೊಡೆತಕ್ಕೆ ಸಿಕ್ಕ ಗಾಜಿನ ಫ್ಯೂಸ್ ಸಿಡಿದು ಚೂರಾಗಬಹುದು. ಎಚ್ ಜಾತಿಯವು ಸಾಮಾನ್ಯವಾಗಿ ಬಿಳಿಯ ಪಿಂಗಾಣಿ ಮೈಯವು. ಒಳಗೆ ತುಂಬಿದ ನುಣ್ಣನೆಯ ಮರಳು ಕಿಡಿಯ ಶಾಖವನ್ನು ಹೀರಿ ಕರಗಿ ಗಾಜಾಗಿ, ಕಿಡಿಯನ್ನು ಉಸಿರುಗಟ್ಟಿಸಿ ನಂದಿಸುತ್ತದೆ. ಪಿಂಗಾಣಿಯದಿದ್ದ ಜಾಗಕ್ಕೆ ಗಾಜಿನದನ್ನು ಎಂದೂ ಹಾಕಬಾರದು. ಗಾಜಿನದಿದ್ದ ಜಾಗಕ್ಕೆ ಅದೇ ಅಂಕಿಯ, ಅದೇ ವೇಗದ ಪಿಂಗಾಣಿಯದನ್ನು ಹಾಕಬಹುದು.

ಇನ್ನು ಗಾತ್ರ: 5 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಉದ್ದದ್ದು ಒಂದು, ಸುಮಾರು 6.3 ಮಿಲಿಮೀಟರ್ ದಪ್ಪ, 32 ಮಿಲಿಮೀಟರ್ ಉದ್ದದ್ದು ಇನ್ನೊಂದು. ಸ್ಕೇಲ್ ಇಟ್ಟು ಅಳೆದರೆ ಮುಗಿಯಿತು.

ಬರಹ ಅಳಿಸಿಹೋಗಿದ್ದರೆ

ಕೆಲವೊಮ್ಮೆ ಹಿಂದಿನವರು ಏನು ಹಾಕಿದ್ದರೆಂಬುದೇ ನಂಬಿಕೆಗೆ ಅರ್ಹವಾಗಿರುವುದಿಲ್ಲ. ಆದ್ದರಿಂದ ತೆಗೆದ ಫ್ಯೂಸಿಗಿಂತ ಹೋಲ್ಡರಿನ ಪಕ್ಕದಲ್ಲಿ ಅಥವಾ ಬೋರ್ಡಿನ ಮೇಲೆ ಅಚ್ಚಾಗಿರುವ ಬರಹವನ್ನೇ ಹೆಚ್ಚು ನಂಬಬೇಕು. ಅದು ತಯಾರಕರ ಮಾತು. ಅಲ್ಲಿಲ್ಲದಿದ್ದರೆ ಹಿಂಬದಿಯ ಲೇಬಲ್, ಅಲ್ಲೂ ಇಲ್ಲದಿದ್ದರೆ ಉಪಕರಣದ ಜೊತೆ ಬಂದ ಪುಸ್ತಿಕೆ, ಕೊನೆಗೆ ಕಂಪನಿಯ ಸರ್ವಿಸ್ ಸೆಂಟರ್. ಈ ಬಾಗಿಲುಗಳೆಲ್ಲ ಮುಚ್ಚಿದ ಮೇಲಷ್ಟೇ ಲೆಕ್ಕಕ್ಕೆ ಇಳಿಯಬೇಕು.

ಭಜನೆ ಮನೆಯ ಆಂಪ್ಲಿಫೈಯರ್ ಒಂದರ ಲೇಬಲ್ಲಿನಲ್ಲಿ ಅದು ಬಳಸುವ ವಿದ್ಯುತ್ 250 ವ್ಯಾಟ್ ಎಂದಿದೆ, ಫ್ಯೂಸಿನ ಮಾತಿಲ್ಲ ಎನ್ನಿ. 250 ಅನ್ನು 230ರಿಂದ ಭಾಗಿಸಿದರೆ ಸುಮಾರು 1.09. ಟ್ರಾನ್ಸ್‌ಫಾರ್ಮರ್ ಇರುವ ಉಪಕರಣವಾದ್ದರಿಂದ ಪವರ್ ಫ್ಯಾಕ್ಟರ್, ಅಂದರೆ ಎಳೆದ ವೋಲ್ಟ್‌ಆಂಪಿಯರಿನಲ್ಲಿ ನಿಜವಾಗಿ ಬಳಕೆಯಾಗುವ ವ್ಯಾಟಿನ ಪಾಲು, 0.8 ಎಂದು ಹಿಡಿದು ಅದರಿಂದ ಮತ್ತೆ ಭಾಗಿಸಿದರೆ ಸುಮಾರು 1.36 ಆಂಪಿಯರ್. ಇದಕ್ಕೆ ಕಾಲು ಪಾಲು ಸೇರಿಸಿದರೆ 1.7, ಸಾಲಿನಲ್ಲಿ ಅದಕ್ಕೆ ಮುಂದಿನ ಅಂಕಿ 2. ಟ್ರಾನ್ಸ್‌ಫಾರ್ಮರಿನ ಮೊದಲ ಎಳೆತಕ್ಕಾಗಿ ಟಿ ಜಾತಿ. ಹೀಗೆ ಟಿ 2 ಆಂಪಿಯರ್, 250 ವೋಲ್ಟಿನ ಫ್ಯೂಸ್ ಎಂದು ನಿರ್ಧಾರವಾಗುತ್ತದೆ. ಸ್ಪೀಕರಿಗೆ ಹೋಗುವ ವ್ಯಾಟನ್ನು ಉಪಕರಣ ಬಳಸುವ ವ್ಯಾಟ್ ಎಂದು ತಪ್ಪಾಗಿ ಓದದಂತೆ ಮಾತ್ರ ಎಚ್ಚರವಿರಲಿ.

ಈ ಲೆಕ್ಕಕ್ಕೆ ಮೇಲಿನ ಮಿತಿಯೊಂದಿದೆ. ಪ್ಲಗ್ಗಿನ ತಂತಿ ತಾಳಬಲ್ಲದ್ದಕ್ಕಿಂತ ಫ್ಯೂಸ್ ದೊಡ್ಡದಿರಬಾರದು. ಗೃಹೋಪಕರಣಗಳಲ್ಲಿ 0.75 ಚದರ ಮಿಲಿಮೀಟರ್ ತಂತಿಗೆ 6 ಆಂಪಿಯರ್, 1 ಚದರ ಮಿಲಿಮೀಟರಿಗೆ 10, 1.5 ಚದರ ಮಿಲಿಮೀಟರಿಗೆ 16 ಎಂಬುದು ಅಂಗೀಕೃತ ಅಳತೆ. ತಂತಿಯ ಹೊದಿಕೆಯ ಮೇಲೆ ಆ ಅಂಕಿ ಅಚ್ಚಾಗಿರುತ್ತದೆ.

ಅಂಗಡಿಯಲ್ಲಿ, ಮತ್ತು ಜೋಡಿಸುವಾಗ

"ಫೈವ್ ಆಂಪ್ಸ್ ಫ್ಯೂಸ್" ಎಂದಷ್ಟೇ ಕೇಳದೆ, "ಸ್ಲೋ ಬ್ಲೋ, ಟಿ 5 ಆಂಪ್ಸ್, 250 ವೋಲ್ಟ್, 20 ಎಂಎಂ" ಎಂದು ಪೂರ್ತಿ ಹೇಳಬೇಕು. ಸಾಮಾನ್ಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಟಿ ಜಾತಿಯದು ಸಿಗದಿದ್ದರೆ ಟಿವಿ ರಿಪೇರಿಯವರು ಸಾಮಾನು ಕೊಳ್ಳುವ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸಬೇಕು. ಅಲ್ಲೂ ಇಲ್ಲವಾದರೆ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಎಸ್‌ಪಿ ರಸ್ತೆಯಿಂದ ತರಿಸಬಹುದು. ಡಬ್ಬಿಯ ಮೇಲಿನ ಚೀಟಿಯನ್ನು ನಂಬದೆ ಪ್ರತಿ ಫ್ಯೂಸಿನ ಟೋಪಿಯ ಬರಹವನ್ನೂ ಅಲ್ಲೇ ಓದಿ ನೋಡಿ. ಬರಹವೇ ಇಲ್ಲದ ಫ್ಯೂಸನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಜೋಡಿಸುವಾಗ ಹೋಲ್ಡರಿನ ಹಿಡಿಗಳು ಫ್ಯೂಸನ್ನು ಬಿಗಿಯಾಗಿ ಹಿಡಿಯುತ್ತವೆಯೇ ಎಂದು ನೋಡಬೇಕು. ಸಡಿಲವಾದ, ಕಿಲುಬು ಹಿಡಿದ ಹಿಡಿ ತಾನೇ ಬಿಸಿಯಾಗಿ ಸರಿಯಾದ ಫ್ಯೂಸನ್ನೂ ಸುಡುತ್ತದೆ. ಅಂಥ ಹೋಲ್ಡರನ್ನೇ ಬದಲಿಸಬೇಕು. ಫ್ಯೂಸ್ ಹಾಕಿ ಮುಚ್ಚಳ ತಿರುಗಿಸಿದ ಮೇಲೆ, ಮೊದಲು ಹೊರೆಯಿಲ್ಲದೆ ಸ್ವಿಚ್ ಹಾಕಿ ನೋಡಿ, ಅನಂತರ ಹೊರೆಯನ್ನು ಜೋಡಿಸಿ. ಎರಡನೆಯದೂ ಹಾರಿದರೆ ಮೂರನೆಯದನ್ನು ಹಾಕಬಾರದು.

ಪಿಂಗಾಣಿ ಕ್ಯಾರಿಯರಿನ ಫ್ಯೂಸ್ ತಂತಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದು ಬಂತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಇಷ್ಟು ಹಳೆಯ ವಿದ್ಯುತ್ತಿನ ಜಿಲ್ಲೆಯಲ್ಲಿ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್, ಬಂದು ದಶಕಗಳಾದ ಮೇಲೂ ಮೀಟರ್ ಬೋರ್ಡಿನಲ್ಲಿ ಬಿಳಿಯ ಪಿಂಗಾಣಿಯ ಫ್ಯೂಸ್ ಕ್ಯಾರಿಯರುಗಳು ಉಳಿದುಕೊಂಡಿರುವ ಮನೆಗಳಿವೆ. ಅವುಗಳಿಗೆ ಹಾಕಬೇಕಾದದ್ದು ತವರ ಲೇಪಿಸಿದ ತಾಮ್ರದ ಫ್ಯೂಸ್ ತಂತಿ: 5 ಆಂಪಿಯರಿಗೆ 0.2 ಮಿಲಿಮೀಟರ್, 10 ಆಂಪಿಯರಿಗೆ 0.35, 15 ಆಂಪಿಯರಿಗೆ 0.5 ಮಿಲಿಮೀಟರ್ ದಪ್ಪದ್ದು.

ಜನ ಮಾಡುವುದೇ ಬೇರೆ. ಹಳೆಯ ವೈರಿನ ಹೊದಿಕೆ ಸುಲಿದು ಮೂರೋ ನಾಲ್ಕೋ ಎಳೆಗಳನ್ನು ಹೊಸೆದು ಕಟ್ಟುತ್ತಾರೆ. ಸಾಮಾನ್ಯ 0.75 ಚದರ ಮಿಲಿಮೀಟರ್ ವೈರಿನಲ್ಲಿ 0.2 ಮಿಲಿಮೀಟರಿನ 24 ಎಳೆಗಳಿರುತ್ತವೆ; ಅಂದರೆ ಒಂದೇ ಒಂದು ಎಳೆ 5 ಆಂಪಿಯರಿನ ಫ್ಯೂಸ್ ತಂತಿಯಷ್ಟೇ ದಪ್ಪ. 1884ರಲ್ಲಿ ಬ್ರಿಟನ್ನಿನ ವಿಲಿಯಂ ಪ್ರೀಸ್ ಪ್ರಕಟಿಸಿದ ಸೂತ್ರದಂತೆ ಆ ಒಂದು ಎಳೆ ಕರಗುವುದು ಸುಮಾರು 7 ಆಂಪಿಯರಿಗೆ, 15 ಆಂಪಿಯರಿನ ಫ್ಯೂಸ್ ತಂತಿ ಕರಗುವುದು ಸುಮಾರು 28 ಆಂಪಿಯರಿಗೆ. ನಾಲ್ಕು ಎಳೆ ಹೊಸೆದವರು ದೀಪ ಫ್ಯಾನುಗಳ ಲೈನಿಗೆ ಗೀಸರಿನ ಫ್ಯೂಸನ್ನೇ ಹಾಕಿದಂತಾಯಿತು. ಗೋಡೆಯೊಳಗಿನ ತಂತಿಗೆ ಅಷ್ಟು ತಾಳುವ ಶಕ್ತಿಯಿಲ್ಲ, ಮತ್ತು ಅದು ಬಿಸಿಯಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೇನ್ ಸ್ವಿಚ್ ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಕ್ಯಾರಿಯರನ್ನು ಎಳೆದು ತೆಗೆದು, ಹಳೆಯ ತಂತಿಯ ಕರಗಿದ ಮಣಿಗಳನ್ನು ಕೆರೆದು ಶುಚಿ ಮಾಡಿ, ಒಂದೇ ಎಳೆಯನ್ನು ಎಳೆದು ಬಿಗಿಮಾಡದೆ ಎರಡು ತಿರುಪುಗಳಿಗೆ ಸುತ್ತಬೇಕು. ಬಿಗಿಯಾಗಿ ಎಳೆದರೆ ತಂತಿ ಸಣ್ಣಗಾಗಿ ಬೇಗ ಕಡಿಯುತ್ತದೆ. ನ್ಯೂಟ್ರಲ್ಲಿಗೂ ಫ್ಯೂಸ್ ಹಾಕಿರುವ ಹಳೆಯ ಬೋರ್ಡು ಕಂಡರೆ ಎಲೆಕ್ಟ್ರಿಷಿಯನ್ನರಿಂದ ಅದನ್ನು ಬದಲಿಸಿ ಎಂಸಿಬಿ ಹಾಕಿಸಿಕೊಳ್ಳಿ. ನ್ಯೂಟ್ರಲ್ ಫ್ಯೂಸ್ ಹೋದಾಗ ದೀಪ ಆರುತ್ತದೆ, ಫೇಸ್ ಮಾತ್ರ ಹಾಗೇ ಇರುತ್ತದೆ.

ಶಾಖದ ಫ್ಯೂಸ್, ಡಿಸಿ ಫ್ಯೂಸ್

ರೈಸ್ ಕುಕ್ಕರಿನ ತಳದಲ್ಲಿ ಬಿಳಿಯ ತೋಳಿನೊಳಗೆ ಅಡಗಿರುವ ಸಣ್ಣ ಲೋಹದ ಕೊಳವೆ ಶಾಖದ ಫ್ಯೂಸ್. ಅದರ ಮೈಮೇಲೆ ಆಂಪಿಯರ್, ವೋಲ್ಟಿನ ಜೊತೆಗೆ ಡಿಗ್ರಿ ಸೆಲ್ಸಿಯಸ್ಸಿನ ಅಂಕಿಯೂ ಇರುತ್ತದೆ. ಆ ತಾಪಮಾನವೂ ಯಥಾವತ್ತಾಗಿ ಹೊಂದಬೇಕು. ಇದನ್ನು ಬೆಸುಗೆ ಹಾಕಿ ಜೋಡಿಸಿದರೆ ಬೆಸುಗೆಯ ಬಿಸಿಗೇ ಅದು ಕಡಿದುಹೋಗಬಹುದು, ಆದ್ದರಿಂದ ಲೋಹದ ತೋಳಿನಲ್ಲಿ ಒತ್ತಿ ಕಚ್ಚಿಸುತ್ತಾರೆ. ಇದನ್ನು ತೆಗೆದು ತಂತಿಯಿಂದ ನೇರ ಜೋಡಿಸಿಕೊಡುವ ರಿಪೇರಿಯವರಿದ್ದಾರೆ. ಅಂಥ ಕುಕ್ಕರಿಗೆ ನೀರಿಲ್ಲದೆ ಕಾದಾಗ ನಿಲ್ಲಿಸುವ ಕೊನೆಯ ತಡೆಯೇ ಇಲ್ಲದಂತಾಗುತ್ತದೆ.

ಸೋಲಾರ್ ದೀಪ, ಸೋಲಾರ್ ಪಂಪು, ಇನ್ವರ್ಟರ್ ಬ್ಯಾಟರಿಗಳ ಫ್ಯೂಸ್ ಡಿಸಿಗೆಂದೇ ಮಾಡಿದ್ದಾಗಿರಬೇಕು. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ನಂದಲು ಅವಕಾಶವಿದೆ. ಡಿಸಿ ಎಂದೂ ಸೊನ್ನೆಗೆ ಇಳಿಯದು. ಫ್ಯೂಸಿನ ಮೇಲೆ ಡಿಸಿ ವೋಲ್ಟೇಜನ್ನು ಬೇರೆಯಾಗಿ ಬರೆದಿರುತ್ತಾರೆ, ಅದನ್ನೇ ನೋಡಿ ಕೊಳ್ಳಬೇಕು.

ಕೈ ಹಾಕಬಾರದ ಕಡೆ

ಮೈಕ್ರೋವೇವ್ ಒಲೆಯ ಕವಚವನ್ನು ಮನೆಯಲ್ಲಿ ತೆಗೆಯಬಾರದು; ಒಳಗೆ ಸಾವಿರಾರು ವೋಲ್ಟಿನ ಭಾಗಗಳಿವೆ, ಅಲ್ಲಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಕೊಲ್ಲಬಲ್ಲದು.

ಇದಕ್ಕಿಂತ ಹೆಚ್ಚು ಕಳವಳದಿಂದ ಹೇಳಬೇಕಾದದ್ದು ಟಿಸಿಯ, ಅಂದರೆ ಊರ ಲೈನಿನ ಟ್ರಾನ್ಸ್‌ಫಾರ್ಮರಿನ, ವಿಚಾರ. ಬೋರ್‌ವೆಲ್ ಮೋಟಾರಿಗೆ ಒಂದು ಫೇಸ್ ಬರುತ್ತಿಲ್ಲವೆಂದು, ತೋಟ ಒಣಗುತ್ತಿದೆಯೆಂದು, ಲೈನ್‌ಮನ್ ಬರುವುದು ತಡವಾಯಿತೆಂದು ರೈತರು ತಾವೇ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ ತೆರೆದು ಫ್ಯೂಸ್ ಕಟ್ಟಲು ಹೋಗುತ್ತಾರೆ. ಟೊಮೆಟೊ ಬೆಳೆದವರಿಗೆ ಒಂದು ದಿನದ ನೀರು ಎಷ್ಟು ಬೆಲೆಯದೆಂದು ನನಗೆ ಗೊತ್ತು. ಆದರೂ ಮೇಲಿನ 11,000 ವೋಲ್ಟಿನ ಲೈನನ್ನು ಕಡಿದು ಅರ್ತ್ ಮಾಡುವ ಅಧಿಕಾರವೂ ಸಾಧನವೂ ಬೆಸ್ಕಾಂ ಸಿಬ್ಬಂದಿಗೆ ಮಾತ್ರ ಇದೆ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕಾಯಬೇಕು. ಅಷ್ಟರವರೆಗೆ ಮೋಟಾರಿನ ಸ್ಟಾರ್ಟರನ್ನು ಆರಿಸಿಡಬೇಕು, ಏಕೆಂದರೆ ಎರಡೇ ಫೇಸಿನಲ್ಲಿ ನಡೆದರೆ ಮೋಟಾರೂ ಸುಡುತ್ತದೆ.

ಮನೆಯ ಉಪಕರಣಗಳ ವಿಷಯಕ್ಕೆ ಮರಳಿದರೆ, ಕೆಲಸ ಮುಗಿಸುವ ಮೊದಲು ಇನ್ನೆರಡು ನಿಮಿಷ ಬೇಕು. ಸರಿಯಾದ ಫ್ಯೂಸನ್ನು ಹಾಕಿದ ದಿನವೇ ಅದರ ಪೂರ್ತಿ ಬರಹವನ್ನು ದಿನಾಂಕದ ಸಮೇತ ಚೀಟಿಯಲ್ಲಿ ಬರೆದು ಹೋಲ್ಡರಿನ ಪಕ್ಕದಲ್ಲಿ ಅಂಟಿಸಿ, ಅದೇ ಜಾತಿಯ ಎರಡು ಫ್ಯೂಸುಗಳನ್ನು ಸಣ್ಣ ಪೊಟ್ಟಣದಲ್ಲಿ ಉಪಕರಣದ ಬೆನ್ನಿಗೆ ಟೇಪಿನಿಂದ ಕಟ್ಟಿಡಿ. ಮುಂದಿನ ಸಲ ಕತ್ತಲಲ್ಲಿ ಮುಚ್ಚಳ ತೆರೆಯುವವರು ಮನೆಯ ಬೇರೆ ಯಾರೋ ಆಗಿರಬಹುದು.